ನಾಲ್ಕಾಣೆ ಗೆಲುವು

ಗುಳೇದಗುಡ್ಡ ಪುರಸಭೆ, ವಾರ್ಡು ಹದಿನಾಲ್ಕು.
ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಎಣಿಕೆ.
ಗೋಡೆಗೆ ಅಸ್ಥಿಪಂಜರದ ಚಿತ್ರ, ಅದರ ಕಾಲಡಿ
ಮೂರನೇ ಟೇಬಲ್ಲು, ಟೇಬಲ್ಲಿಗೆ ನಾನು,
ಐದನೇ ಇಯತ್ತೆಗೆ ಭಿನ್ನರಾಶಿ ಕಲಿಸುವವಳು.

ಬಟನ್ನು ಒತ್ತಿದಂತೆಲ್ಲ ಯಂತ್ರ ಬಾಯಿಬಿಟ್ಟಿತು:
ಹೊಲಿಗೆ ಮಷಿನ್ನಿಗೆ ಇನ್ನೂರಾ ತೊಂಬತ್ತೇಳು,
ಟೇಬಲ್ ಫ್ಯಾನಿಗೆ ಇನ್ನೂರಾ ಎಂಬತ್ತೊಂದು,
ತೆಂಗಿನಕಾಯಿಗೆ ಇನ್ನೂರಾ ಹದಿನಾಲ್ಕು,
ಆಮೇಲೆ ಬ್ಯಾಟು, ಕುಕ್ಕರು, ಏಣಿ,
ಕಡೆಗೆ ಮೂವತ್ತೆಂಟರ ಗಾಳಿಪಟ.
ಯಾರೂ ಬೇಡವೆಂದವರು ಹದಿನೈದು.

ಒಟ್ಟು ಸಾವಿರದ ಇನ್ನೂರಾ ಆರು.
ಪೆನ್ನು ರೂಢಿಯಂತೆ ಅಂಚಿನಲ್ಲಿ ಬರೆಯಿತು:
ಅರ್ಧ, ಆರುನೂರಾ ಮೂರು.
ಮೇಲೊಂದು, ಆರುನೂರಾ ನಾಲ್ಕು.
ಆ ಅಂಕಿಯ ಹತ್ತಿರ ಒಬ್ಬನೂ ಸುಳಿದಿರಲಿಲ್ಲ.
ಸಾಹೇಬರು ಕನ್ನಡಕದ ಮೇಲಿಂದ ನೋಡಿದರು:
"ಅಕ್ಕೋರ, ಅದೇನ್ರಿ ಅದು?
ಫಾರ್ಮಿನ್ಯಾಗ ಆ ಕಾಲಂ ಇಲ್ಲ."
ಗೀಟು ಹೊಡೆದೆ.

ಹೊರಗೆ ಗುಲಾಲು, ಹಲಗಿ, ಹೆಗಲ ಮೇಲೆ ಮಾನಿಂಗಪ್ಪ.
ಹದಿನಾರರ ಲೀಡು! ಹದಿನಾರರ ಲೀಡು!
ರೂಪಾಯಿಗೆ ನಾಲ್ಕಾಣೆ ಸೈತ ಪೂರಾ ಬಿದ್ದಿಲ್ಲ,
ನಾಲ್ಕೈದು ಮತ ಕಮ್ಮಿಯೇ.
ಉಳಿದ ಹನ್ನೆರಡಾಣೆ
ಆಗಲೇ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟು ಕೂತು
ಖಣದ ಅಂಚಿಗೆ ಲಾಳಿ ಎಸೆಯುತ್ತಿತ್ತು.

ಹೋದ ವರ್ಷ ನಮ್ಮ ಓಣಿಗೊಂದು ನಳ ಬಂತು.
ಐವತ್ತೊಂದು ಮನೆ, ಒಂದೇ ನಳ.
ಗಿರಣಿ ಮೂಲೆಗೋ, ಬೇವಿನ ಕಟ್ಟೆಗೋ,
ಜೈತುನಬಿಯ ಪಾವಟಿಗೆಯ ಮುಂದೋ?
ಮೂರು ಡಬ್ಬಿ, ಮನೆಗೊಂದು ಹುಣಸೆ ಬೀಜ.
ಗಿರಣಿಗೆ ಇಪ್ಪತ್ತು, ಕಟ್ಟೆಗೆ ಹದಿನೇಳು, ಜೈತುನಬಿಗೆ ಹದಿನಾಲ್ಕು.
ಗಿರಣಿ ಕಡೆಯವರು ಚಪ್ಪಾಳೆಗೆ ಕೈ ಎತ್ತಿದ್ದರು,
ನೀಲವ್ವ ಡಬ್ಬಿಯ ಮೇಲೆ ಅಂಗೈ ಮುಚ್ಚಿದಳು:
"ತಡೀರಿ. ಇಪ್ಪತ್ತು ಕೊಡ ತುಂಬತಾವ ಖರೆ,
ಮೂವತ್ತೊಂದು ಕೊಡ ಸಿಟ್ಟೀಲೆ ಮನೀಗೆ ಹೋಗತಾವ."

ಹದಿನಾಲ್ಕು ಬೀಜ ವಾಪಸ್ಸು ಕೈಗೆ ಬಂದವು.
ಜೈತುನಬಿ ಮುಖ ಊದಿಸಿಕೊಂಡಳು, ಆದರೂ ಹಾಕಿದಳು.
ಎರಡನೇ ಸರತಿಗೆ ಕಟ್ಟೆ ಇಪ್ಪತ್ತೊಂಬತ್ತು, ಗಿರಣಿ ಇಪ್ಪತ್ತೆರಡು.
ಅಷ್ಟೊತ್ತಿಗೆ ರೊಟ್ಟಿ ಹೊತ್ತಿದ್ದವು,
ಕಸ್ತೂರವ್ವನ ಅರ್ಧ ದಿನದ ಕೂಲಿ ಹೋಗಿತ್ತು,
"ಚೊಲೋ ಆತವ್ವ ನಿಮ್ಮ ನ್ಯಾಯ" ಅಂತ ಈಗಲೂ ಬೈಯುತ್ತಾಳೆ,
ಬೈಯುತ್ತಲೇ ಕೊಡ ತಂದು ಕಟ್ಟೆಗಿಡುತ್ತಾಳೆ.

ಸುಳ್ಳೇಕೆ, ಮಾನಿಂಗಪ್ಪ ಕೆಟ್ಟವನಲ್ಲ.
ಮೊದಲ ತಿಂಗಳು ಬಾಗಿಲು ಬಾಗಿಲಿಗೂ ಬಗ್ಗಿದ.
ನಾಲ್ಕು ಬಾಗಿಲಲ್ಲಿ ತನ್ನದು ಯಾವುದೋ ತಿಳಿಯದೆ
ನಾಲ್ಕಕ್ಕೂ ಕೈಮುಗಿದ.
ಹೀಗಾದರೂ ಆಗಲಿ ಅಂದುಕೊಂಡೆ.
ಆಮೇಲೆ ಯಾರೋ ಪಟ್ಟಿ ಹಿಡಿದು ಟಿಕ್ಕು ಹಾಕಿ ಕೊಟ್ಟರು.
ದೀಪಾವಳಿಗೆ ಬಂದ ಹೊಸ ಬಲ್ಬುಗಳು
ನಾಲ್ಕು ಓಣಿಯಲ್ಲಿ ಒಂದೇ ಓಣಿಗೆ ಹತ್ತಿದವು.
ಕೇಳಿದ್ದಕ್ಕೆ ನಕ್ಕ, ಎಲೆಅಡಿಕೆಯ ಬಾಯಿಂದ:
"ಮುಂದಿನ ಸಲಕ್ಕೂ ಮುನ್ನೂರು ಸಾಕ್ರಿ ಅಕ್ಕೋರ.
ಉಳಿದಾವರು ಆರು ಪಾಲಾಗಿ ಹರಕೋತಾರಲ್ಲ,
ಅದ ನನಗ ದೊಡ್ಡ ಪಾರ್ಟಿ."

ಸೋಮವಾರ, ಐದನೇ ಇಯತ್ತೆ.
ಹಲಗೆಯ ಮೇಲೆ ಬರೆದೆ, ಎಲ್ಲಿಯದೆಂದು ಹೇಳದೆ:
ಮೇಲೆ ಇನ್ನೂರಾ ತೊಂಬತ್ತೇಳು,
ನಡುವೆ ಒಂದು ಗೆರೆ,
ಕೆಳಗೆ ಸಾವಿರದ ಇನ್ನೂರಾ ಆರು.
ಅರ್ಧಕ್ಕಿಂತ ದೊಡ್ಡದೋ, ಸಣ್ಣದೋ?

ಎರಡನೇ ಬೆಂಚಿನಿಂದ ಮೊದಲು ಎದ್ದ ಕೈ
ಮಾನಿಂಗಪ್ಪನ ಮಗಳದು. ಲೆಕ್ಕದಲ್ಲಿ ಚುರುಕು.
"ಸಣ್ಣದ್ರಿ ಅಕ್ಕೋರ."
ಬರೋಬ್ಬರಿ, ಅಂದೆ.
ಕೂಡು.